ಹಮ್ರಾ ಕೈಗೆ ಸಿಗಲಿಲ್ಲ

ಅಟ್ಲಾಸ್ ತಪ್ಪಲು

ಬೆಟ್ಟದ ಮೇಲೆ ಕುರಿಗಳ ಜೊತೆಗಿರುವ ಅಪ್ಪನಿಗೆ ಇಜ್ಜಾಳ ಸಲಾಂ.

ಅಮ್ಮನ ಮೊಣಕಾಲು ನೋವು ಕಡಿಮೆಯಾಗಿದೆ. ಲಹ್ಸೆನ್ ಮನೆಯವರು ಅವನನ್ನೂ ಕರೆದುಕೊಂಡು ನನ್ನನ್ನು ಮದುವೆಗೆ ಕೇಳಲು ಬಂದಿದ್ದರು. ನೀನಿಲ್ಲ ಅಂತ ಸಕ್ಕರೆ ಅಚ್ಚು ಇಟ್ಟು ಹೋದರು. ಅದನ್ನು ಒಡೆದು ಚಹಾ ಕಾಯಿಸಿದರೆ ಒಪ್ಪಿದ ಹಾಗೆ, ನಿನಗೆ ಗೊತ್ತಲ್ಲ.

ಹೊರಡುವಾಗ ಲಹ್ಸೆನ್, "ಹಮ್ರಾನ ನೋಡ್ತಿರೋದು ಇವತ್ತೇ ಮೊದಲು. ನಾನು ಹಿಡ್ಕೊಂಡು ಬರ್ಲಾ?" ಅಂತ ಮೇವಿನ ಚೀಲ ಅಲ್ಲಾಡಿಸುತ್ತ ಹೊಲಕ್ಕಿಳಿದ. ಯಾರು ಕರೆದರೂ ಬರುವ ನಮ್ಮ ಕುದುರೆ ಅವನನ್ನು ಕಂಡದ್ದೇ ಕಿವಿ ಮಡಚಿ ಹೊಲದ ಆ ತುದಿಗೆ ಓಡಿತು. ಎಷ್ಟು ಅಟ್ಟಾಡಿಸಿದರೂ ಸಿಗಲಿಲ್ಲ. "ಸೊಕ್ಕು ಜಾಸ್ತಿ ಇದಕ್ಕೆ" ಅಂದ.

"ಹೊಸಬರನ್ನ ಕಂಡ್ರೆ ಹಾಗೇ" ಅಂದಳು ಅಮ್ಮ. ಜೊತೆಗೆ ಬಂದಿದ್ದ ಅವನ ಸೋದರಮಾವನೂ ಹೊಸಬರೇ. ಅವರ ಬರಿಗೈಗೆ ಹಮ್ರಾ ತಾನಾಗಿ ಬಂದು ಮೂತಿ ಉಜ್ಜಿತು.

ಆಮೇಲೆ ಅವನು ಹೊಲದಲ್ಲೇ ಬಿಟ್ಟುಹೋದ ಚೀಲ ನೋಡಿದೆ. ಒಳಗೆ ಬಾರ್ಲಿ ಇರಲಿಲ್ಲ, ಸಣ್ಣ ಕಲ್ಲುಗಳಿದ್ದವು. ಒಂದು ಸಲ ಹಾಗೆ ಮೋಸ ಮಾಡಿ ಹಿಡಿದವನನ್ನು ಕುದುರೆ ಮರೆಯೋದಿಲ್ಲ ಅಂತ ನೀನೇ ಹೇಳುತ್ತಿದ್ದೆ. ಹೋದ ವರ್ಷ ಮೇಳದ ಕುದುರೆ ಸ್ಪರ್ಧೆಯ ಹಿಂದಿನ ದಿನ ಹಮ್ರಾ ಕಾಣೆಯಾಗಿ, ಬಾಯಿ ಹರಿದುಕೊಂಡು ವಾಪಸು ಬಂತು. ನೀನು ಮೈದಾನಕ್ಕಿಳಿಯಲಿಲ್ಲ. ಗೆದ್ದದ್ದು ಲಹ್ಸೆನ್ ತಂಡ. ನಾನು ಯಾರ ಮೇಲೂ ಹೊರಿಸುತ್ತಿಲ್ಲ.

ನೀನು ಬೇಗ ಇಳಿದು ಬಾ. ಚೀಲದ ತುಂಬ ಬಾರ್ಲಿ ಕೊಟ್ಟು ಅವನನ್ನು ಮತ್ತೊಮ್ಮೆ ಹೊಲಕ್ಕೆ ಕಳಿಸು. ಹಮ್ರಾ ಅವನ ಹತ್ತಿರ ಹೋದರೆ ನಾನೂ ಹೋಗುತ್ತೇನೆ.

ಅಚ್ಚು ಒಡೆಯಲು ಅಮ್ಮ ಸುತ್ತಿಗೆ ಹುಡುಕುತ್ತಿದ್ದಾಳೆ. ಅದು ಲಾಯದಲ್ಲಿ, ಹಮ್ರಾಳ ಹುಲ್ಲಿನ ಕೆಳಗಿದೆ.

ನಿನ್ನ ಮಗಳು,
ಇಜ್ಜಾ