ಕಪ್ಪು ಡಿಸ್ಕ್

ಅಂಗಡಿಯ ಮೇಜಿನಿಂದ, ತಾರೀಕು ಹನ್ನೆರಡು, ಸೋಮವಾರ

ನನ್ನ ಯಜಮಾನರಿಗೆ ಪ್ರೀತಿಯ ನೆನಪುಗಳು.

ಗಂಟಲ ನೋವು ಹೇಗಿದೆ? ಹಾಲಾದರೂ ಸಲೀಸಾಗಿ ಇಳಿಯುತ್ತಿದೆಯೇ? ಆಸ್ಪತ್ರೆಯಲ್ಲಿ ಜೊತೆಗಿರುವ ನಿಮ್ಮ ಅಕ್ಕನ ಹತ್ತಿರ ಹಟ ಮಾಡಬೇಡಿ. ಗುರುವಾರವೇ ಆಪರೇಷನ್ ಎಂದು ದಿನ ಎಣಿಸುತ್ತಿದ್ದೇನೆ. ದನಿಪೆಟ್ಟಿಗೆ ತೆಗೆಯಲೇಬೇಕೆಂದು ಡಾಕ್ಟರು ಹೇಳಿದ ದಿನ ನೀವು ನಕ್ಕು, "ಇನ್ಮೇಲೆ ಜಗಳದಲ್ಲಿ ನೀನೇ ಗೆಲ್ತೀಯ ಬಿಡೇ ಪುಕ್ಕಲಿ" ಅಂದಿರಿ. ನನಗೆ ನಗು ಬರಲಿಲ್ಲ. ಈಗಲೂ ಫೋನ್ ಹಿಡಿದರೆ ದನಿ ನಡುಗುತ್ತದೆ, ಅದಕ್ಕೇ ನಿಮ್ಮ ತಮ್ಮನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಪುಟ್ಟಿ ಚೆನ್ನಾಗಿದ್ದಾಳೆ. ಅವಳಿಗಾಗಿ ನೀವು ಓದಿ ರೆಕಾರ್ಡ್ ಮಾಡಿದ ನಲವತ್ತು ಕಥೆಗಳನ್ನು ನೀವು ಹೇಳಿದ ಹಾಗೆ ಇನ್ನೂ ಕೇಳಿಸಿಲ್ಲ, ಆಪರೇಷನ್ ಆಗಲಿ ಎಂದು ಕಾಯುತ್ತಿದ್ದೇನೆ. ನಿಮ್ಮ ಕಂಪ್ಯೂಟರ್ ರಿಪೇರಿ ಅಂಗಡಿಯನ್ನೂ ಹೇಗೋ ತೂಗಿಸುತ್ತಿದ್ದೇನೆ. ಕನ್ನಡಕದ ಅಂಗಡಿಯವರು ಲ್ಯಾಪ್‌ಟಾಪ್ ತಂದು, ಹಳೆಯದೆಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಡಿ ಎಂದರು. ಇದೇನು ಮಹಾ ಎಂದು ಶುರು ಮಾಡಿದೆ. ಯಾವ ಡಿಸ್ಕಿಗೆ ಹಾಕಲಿ ಎಂದು ಕೇಳುವ ಜಾಗಕ್ಕೆ ಬಂದರೆ ಪಟ್ಟಿ ಖಾಲಿ! ನಾನೇ ಕೆಡಿಸಿದೆನೇನೋ ಎಂದು ಹೆದರಿದೆ. ಒಳಗಿನ ಡಿಸ್ಕ್ ಬಿಚ್ಚಿ ಮತ್ತೆ ಕೂರಿಸಿದೆ, ವಿಂಡೋಸ್ ಇರುವ ಪೆನ್‌ಡ್ರೈವನ್ನು ಬೇರೆ ಕಿಂಡಿಗೆ ಹಾಕಿದೆ, ಊಹೂಂ. ನಿಮ್ಮ ನೋಟ್‌ಬುಕ್ಕಿನಲ್ಲಿ, ಬಯಾಸ್‌ನಲ್ಲಿ ಕಂಡರೆ ಡಿಸ್ಕ್ ಸತ್ತಿಲ್ಲ, ಅದರ ಡ್ರೈವರ್ ಫೈಲು ಕೊಟ್ಟರೆ ಕಾಣುತ್ತದೆ ಎಂದು ಬರೆದಿತ್ತು. ಲ್ಯಾಪ್‌ಟಾಪ್ ಆನ್ ಆಗುವಾಗಲೇ ಕೀ ಒತ್ತಿ ಆ ಬಯಾಸ್ ಪರದೆ ತೆರೆದು ನೋಡಿದೆ, ಡಿಸ್ಕಿನ ಹೆಸರು ಇತ್ತು. ಡ್ರೈವರುಗಳೆಲ್ಲ ಇರುವುದು ನಿಮ್ಮ ಕಪ್ಪು ಡಿಸ್ಕಿನಲ್ಲಲ್ಲವೇ, ಅದನ್ನೂ ತಂದು ಲ್ಯಾಪ್‌ಟಾಪಿಗೆ ಚುಚ್ಚಿದೆ. ಒಂದು ಡ್ರೈವರ್ ಆರಿಸಿದೆ. ಪಟ್ಟಿಯಲ್ಲಿ ಒಂದೇ ಒಂದು ಡಿಸ್ಕ್ ಕಾಣಿಸಿತು. ಎಷ್ಟು ಖುಷಿಯಾಯಿತೆಂದರೆ, ನಿಮಗೆ ಹೇಳಬೇಕೆಂದು ಕೂಗಲು ಹೊರಟಿದ್ದೆ. ಅಳಿಸು ಎಂಬುದರ ಮೇಲೆ ಬೆರಳು ಇಟ್ಟಾಗ ಗಾತ್ರ ಕಣ್ಣಿಗೆ ಬಿತ್ತು, ಲ್ಯಾಪ್‌ಟಾಪಿನದಕ್ಕಿಂತ ದುಪ್ಪಟ್ಟು. ಅದು ನಿಮ್ಮ ಕಪ್ಪು ಡಿಸ್ಕೇ, ಲ್ಯಾಪ್‌ಟಾಪಿನದು ಇನ್ನೂ ಕಂಡೇ ಇರಲಿಲ್ಲ! ಬೆರಳು ಅಲ್ಲೇ ನಿಂತಿತು. ಲ್ಯಾಪ್‌ಟಾಪನ್ನು ಹಾಗೇ ಮುಚ್ಚಿಟ್ಟಿದ್ದೇನೆ.

ಧೈರ್ಯವಾಗಿರಿ. ಅಕ್ಕನಿಗೆ ನಮಸ್ಕಾರ ಹೇಳಿ, ಪುಟ್ಟಿಯ ಮುತ್ತು ನಿಮಗೆ.

ಇಂತಿ,
ನಿಮ್ಮ ಪುಕ್ಕಲಿ

ಮತ್ತೆ ಒಂದು ಮಾತು. ನಿಮ್ಮ ತಮ್ಮ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. ಬೆರಳು ನಿಂತಿತು ಎಂದು ಬರೆದದ್ದು ಸುಳ್ಳು. ಒತ್ತಿಬಿಟ್ಟೆ ಕಣ್ರೀ. ಗಾತ್ರ ಓದಿದ್ದು ಆಮೇಲೆ. ಪುಟ್ಟಿಯ ಕಥೆಗಳೂ ಅದರಲ್ಲೇ ಇದ್ದವು. ಊರಿಗೆಲ್ಲ ಎರಡೆರಡು ಪ್ರತಿ ಇಡಿ ಎನ್ನುವವರು ಅದಕ್ಕೆ ಮಾತ್ರ ಇನ್ನೊಂದು ಪ್ರತಿ ಇಟ್ಟಿಲ್ಲ. ತಕ್ಷಣ ಕಿತ್ತು, ಟವೆಲ್ಲಿನಲ್ಲಿ ಸುತ್ತಿ, ಡ್ರಾಯರಿಗೆ ಬೀಗ ಹಾಕಿದ್ದೇನೆ. ಅಳಿಸಿದ್ದು ಅಷ್ಟು ಬೇಗ ಹೋಗುವುದಿಲ್ಲ, ಮೇಲೆ ಬೇರೇನೂ ಬರೆಯದಿದ್ದರೆ ಸಿಗುತ್ತದೆ ಎಂದು ಗಿರಾಕಿಗಳಿಗೆ ನೀವೇ ಹೇಳುತ್ತೀರಲ್ಲ, ಅದನ್ನೇ ನಂಬಿ ಕೂತಿದ್ದೇನೆ. ವಾಪಸ್ ತೆಗೆಯುವ ಕೆಲಸ ನಿಮಗೊಬ್ಬರಿಗೇ ಬರುವುದು, ಬಂದು ತೆಗೆದುಕೊಡಿ. ಆದರೂ ನನಗೆ ಭಯ. ಗುರುವಾರದೊಳಗೆ ಅಕ್ಕನ ಫೋನಿನಲ್ಲಿ ನಿಮ್ಮ ದನಿ ಹಿಡಿದಿಡಿ. ಕಥೆ ಬೇಡ, ಪುಟ್ಟೀ ಎಂದು ಒಂದು ಸಲ ಕರೆದರೆ ಸಾಕು. ಇನ್ನೂ ಗಂಟಲಿಗೆ ಆಗುವುದಾದರೆ, ಕೊನೆಗೆ ನನ್ನನ್ನೂ ಒಂದು ಸಲ ಪುಕ್ಕಲಿ ಅಂತ ಬೈಯಿರಿ.