ಕೆಂಪು ನೂಲು ಕಟ್ಟಿದ ಗಿಡಗಳು

ಉರ್ಕುಪಂಪ
ಮಾರ್ಚ್ 8

ಪ್ರೀತಿಯ ಅಕ್ಕ ಎದೆಲ್‌ಮಿರಾಳಿಗೆ,

ನಮಸ್ಕಾರಗಳು. ಮಾರುಕಟ್ಟೆಯಲ್ಲಿ ನಿನ್ನ ಅಡುಗೆ ಅಂಗಡಿಯೂ ನಿನ್ನ ಮೊಣಕಾಲೂ ಸರಿಯಾಗಿ ನಡೆಯುತ್ತಿವೆಯೆಂದು ನಂಬಿದ್ದೇನೆ. ನಿನ್ನ ಕಾಗದ ಕೈಸೇರಿ ಒಂಬತ್ತು ದಿನವಾಯಿತು. ಹೊಸ ಕಾಲುವೆಯ ಅಳತೆಯ ಕೆಲಸವಿತ್ತು. ಆದರೆ ತಡಕ್ಕೆ ಅದೊಂದೇ ಕಾರಣವೆಂದು ಬರೆಯಲಾರೆ. ಕ್ಷಮಿಸು. ಫೋನನ್ನಂತೂ ನೀನು ಎತ್ತುತ್ತಿಲ್ಲ.

“ಅಮ್ಮನಿಗೆ ಅರಳುಮರಳು. ಊರವರ ಬೆಳೆ ಹಾಳಾಯ್ತು, ನಾಳೆ ಒಲೆ ಆರಿಸೋದು ಮರೆತು ಮನೇನೂ ಸುಡ್ತಾಳೆ. ಮಾರ್ಚ್ ಹನ್ನೊಂದರ ಶನಿವಾರ ಬರ್ತೀನಿ, ಅರೆಕಿಪಕ್ಕೆ ಕರ್ಕೊಂಡು ಹೋಗ್ತೀನಿ, ಅಡ್ಡ ಬರಬೇಡ” ಎಂದು ಬರೆದಿದ್ದೀಯೆ. ಅಡ್ಡ ಬರುವ ಶಕ್ತಿ ನನಗೆ ಎಂದೂ ಇರಲಿಲ್ಲ. ನೀನು ದೂರದಿಂದ ಕೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ, ಅಷ್ಟೆ.

ಆಗಸ್ಟಿನಲ್ಲಿ ಕಣ್ಣಿನ ಶಸ್ತ್ರಚಿಕಿತ್ಸೆಗೆ ಅಮ್ಮ ಹನ್ನೊಂದು ದಿನ ಪಟ್ಟಣದ ಆಸ್ಪತ್ರೆಯಲ್ಲಿದ್ದಳು. ಆ ಅವಧಿಯಲ್ಲಿ, ಊರಿಗಾಗಿ ಅವಳು ಕಾಪಾಡುವ ಬೀಜದ ಆಲೂಗಡ್ಡೆಗೆ ಹೊಸ ಉಗ್ರಾಣ ಸಿದ್ಧವಾಯಿತು: ಆರು ಮೀಟರ್ ಉದ್ದ, ನಾಲ್ಕು ಅಗಲ, ಎರಡೂ ಬದಿಗೆ ಗಾಳಿಕಂಡಿ, ನೆಲದಿಂದ ನಲವತ್ತು ಸೆಂಟಿಮೀಟರ್ ಮೇಲೆ ಮರದ ಹಲಗೆಗಳು. ಎಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ಅಲ್ಲಿಗೆ ಸಾಗಿಸಿಯೂ ಆಯಿತು. ಅಕ್ಟೋಬರಿನಲ್ಲಿ ಎಂದಿನಂತೆ ಊರವರು ಬಿತ್ತನೆಗೆ ಗಡ್ಡೆ ಕೇಳಲು ಬಂದರು. ಅಮ್ಮನ ಪ್ರಶ್ನೆಗಳು ನಿನಗೂ ಬಾಯಿಪಾಠ: “ಹೊಲ ಮೇಲ್ಗಡೆಯೋ ಕೆಳಗಡೆಯೋ? ಮನೇಲಿ ಬಾಣಂತಿ ಇದಾಳಾ? ಹಲ್ಲಿಲ್ಲದೋರು ಎಷ್ಟು ಜನ?” ಉತ್ತರಕ್ಕೆ ತಕ್ಕ ತಳಿಯನ್ನು ಅವಳೇ ಆರಿಸಿ ಕೊಟ್ಟಳು.

ಫೆಬ್ರವರಿ ಹದಿನೇಳರ ಬೆಳಗ್ಗೆ ಹಿಮ ಕವಿಯಿತು. ಮೇಲಿನ ಹೊಲಗಳಲ್ಲಿ ಹದಿನಾಲ್ಕು ಮನೆಯವರ ಬೆಳೆ ಕರಿಕಾಯಿತು. ಹಿಮವನ್ನು ತಾಳುವ ತಳಿಯೊಂದು, ತಾಳದ ತಳಿಯೊಂದು ಬೆರೆತುಹೋಗಿದ್ದವು. ಗಡ್ಡೆಯಾಗಿದ್ದಾಗ ಎರಡಕ್ಕೂ ಅದೇ ಕಪ್ಪು ಸಿಪ್ಪೆ, ಅದೇ ಹಳದಿ ತಿರುಳು. ಹೂ ಬಿಟ್ಟ ಮೇಲೆಯೇ ಭೇದ ತಿಳಿಯುವುದು: ತಾಳುವುದಕ್ಕೆ ನೇರಳೆ ಹೂ, ತಾಳದ್ದಕ್ಕೆ ಬಿಳಿ.

ಊರಸಭೆ ಸೇರಿತು. ಅಧ್ಯಕ್ಷ ಫ್ಲೊರೆನ್ಸಿಯೊ ಒರಟಾಗಿ ಮಾತಾಡಲಿಲ್ಲ. “ಅಜ್ಜೀ, ನೀನು ಕೊಟ್ಟ ಬೀಜ ತಿಂದು ಬೆಳೆದೋರು ನಾವು. ಏನಾಯ್ತು, ಹೇಳಿಬಿಡು” ಎಂದ.

ಅಮ್ಮ ಎದ್ದು ಹ್ಯಾಟು ತೆಗೆದಳು. “ಏನಾಗ್ಬೇಕು? ಎಂಬತ್ತೊಂದಾಯ್ತು. ಬೀಜ ಕೊಟ್ಟಾಗ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಪೊರೆ. ನಾನೇ ಬೆರೆಸ್ದೆ.”

“ಈ ವರ್ಷ ಗಡ್ಡೆ ಬೆರೆಸಿದ್ಳು, ಬರೋ ವರ್ಷ ನಮ್ಮ ಗಂಡಂದಿರನ್ನ ಬೆರೆಸಿಬಿಟ್ಟಾಳು!” ಎಂದು ಹಿಂದಿನಿಂದ ಯಾರೋ ಹೆಂಗಸು ಕೂಗಿದಳು. ಸಭೆಯೆಲ್ಲ ನಕ್ಕಿತು. “ನಿನ್ನ ಗಂಡನ್ನ ಬೆರೆಸಿದ್ರೆ ಯಾರಿಗೂ ಗೊತ್ತಾಗಲ್ಲ ಬಿಡು” ಎಂದು ಅಮ್ಮನೂ ನಕ್ಕಳು. ಅನಂತರ, ನಲವತ್ತಾರು ವರ್ಷ ಬೀಜ ಹೊತ್ತ ಶಾಲನ್ನು ಬೆನ್ನಿನಿಂದ ಬಿಚ್ಚಿ, ಮಡಿಚಿ, ಮೇಜಿನ ಮೇಲಿಟ್ಟಳು. ಅದನ್ನೂ ಬೀಜದ ಹೊಣೆಯನ್ನೂ ಪಕ್ಕದ ಮನೆಯ ನಿಲ್ಡಾಳಿಗೆ ಕೊಟ್ಟರು.

ಹೀಗಿದ್ದೂ ಅಮ್ಮ ಬೆಳಗ್ಗೆ ಮನೆಯಲ್ಲಿ ಇರುವುದಿಲ್ಲ. ಕೆಳಗಿನ ಹೊಲಗಳು ಹಿಮದಿಂದ ಉಳಿದಿವೆ, ಅಲ್ಲೀಗ ಹೂವಿನ ಕಾಲ. ಕೋಲೂರಿಕೊಂಡು ಸಾಲುಸಾಲಾಗಿ ನಡೆದು, ನೇರಳೆ ಹೂವಿನ ಪ್ರತಿ ಗಿಡಕ್ಕೂ ಕೆಂಪು ಉಣ್ಣೆಯ ನೂಲು ಕಟ್ಟುತ್ತಿದ್ದಾಳೆ. ಮೇ ತಿಂಗಳಲ್ಲಿ ಅವನ್ನು ಬೇರೆಯಾಗಿ ಅಗೆದರೆ ತಳಿ ಮತ್ತೆ ಶುದ್ಧವಾಗುತ್ತದೆ. ನಿಲ್ಡಾ ಶಾಲು ಹೊದ್ದು ಹಿಂದೆಯೇ ಹೋಗುತ್ತಾಳೆ. ಗಂಟುಗಂಟಾಗಿ, ಸುಲಿಯಲು ಬಾರದೆ, ಅತ್ತೆಯರ ಪರೀಕ್ಷೆಯಲ್ಲಿ ಹೊಸ ಸೊಸೆಯರನ್ನು ಅಳಿಸುವ ಆ ಗಡ್ಡೆ ನೆನಪಿದೆಯಲ್ಲ? “ಮದುವೇಲಿ ಅದನ್ನ ಅರ್ಧ ಸುಲಿದು ಅತ್ತೆ ಮುಂದೆ ಗೊಳೋ ಅಂದವಳು ನೀನು. ಊರಿಗೆ ಬೀಜ ಹಂಚ್ತೀಯಾ?” ಎಂದು ಅಮ್ಮ ಅವಳನ್ನು ರೇಗಿಸುತ್ತಾಳೆ. ಬೈಯುತ್ತಲೇ ನೂಲಿನ ಉಂಡೆಯನ್ನು ಅವಳ ಕೈಗೆ ಕೊಡುತ್ತಾಳೆ.

ಹೂವು ಇನ್ನು ಹತ್ತು ದಿನ ನಿಂತರೆ ಹೆಚ್ಚು. ಒಂಬತ್ತು ಹೊಲಗಳಲ್ಲಿ ಮುಗಿದಿರುವುದು ನಾಲ್ಕು. ಶನಿವಾರವೇ ಅವಳನ್ನು ಕರೆದೊಯ್ದರೆ ಉಳಿದದ್ದು ಬೆರೆತೇ ಇರುತ್ತದೆ. ನಿಲ್ಡಾ ಒಬ್ಬಳಿಗೆ ಇನ್ನೂ ಆಗದು. ಸಾಲಿನಲ್ಲಿ ಒಂದೆರಡು ಗಿಡ ತಪ್ಪಿಸುತ್ತಾಳೆ, ಅಮ್ಮ ಹಿಂತಿರುಗಿ ಕಟ್ಟುತ್ತಾಳೆ. ದಯವಿಟ್ಟು ಹೂವು ಉದುರಿದ ಮೇಲೆ ಬಾ. ಈ ಕಾಗದವನ್ನು ನಾಳೆಯ ಬಸ್ಸಿನ ಚಾಲಕನ ಕೈಯಲ್ಲಿ ಕಳಿಸುತ್ತೇನೆ. ನೀನು ಹೊರಡುವ ಮುನ್ನ ತಲುಪೀತೆಂಬ ಭರವಸೆಯಿಲ್ಲ.

“ಅವಳ ಮೊಣಕಾಲನ್ನ ನಾನು ಸವರಿದೆ ಅಂತ ಬರಿ, ದೇವರು ಚೆನ್ನಾಗಿಟ್ಟಿರಲಿ” ಎಂದು ಅಮ್ಮ ಹರಸಿದ್ದಾಳೆ.

ನಿನ್ನ ತಮ್ಮ,
ಎವಾರಿಸ್ತೊ

ಮರೆತಿದ್ದು: ಮರೆತದ್ದಲ್ಲ, ಮೇಲೆ ಬರೆಯಲಾಗಲಿಲ್ಲ. ಗಡ್ಡೆ ಬೆರೆಸಿದವನು ನಾನು. ಹೊಸ ಉಗ್ರಾಣಕ್ಕೆ ನಾನು ಸಾಗಿಸುವಾಗ, ಹಳೆಯದರಲ್ಲಿ ಒಂದೇ ಬಗೆಯ ಗಡ್ಡೆ ಬಾಗಿಲ ಬಳಿ ಒಂದು ರಾಶಿ, ಹಿಂಗೋಡೆಯ ಬಳಿ ಇನ್ನೊಂದು ರಾಶಿಯಾಗಿ ಬಿದ್ದಿತ್ತು. ಮುದುಕಿಯ ಮರೆವೆಂದುಕೊಂಡೆ. ಐವತ್ತೆರಡು ವರ್ಷದ ಎಂಜಿನಿಯರು, ಅಮ್ಮನನ್ನು ಒಂದು ಮಾತು ಕೇಳದೆ, ಎರಡನ್ನೂ ಒಂದೇ ಹಲಗೆಗೆ ಸುರಿದು ತಳಿ ಹದಿನೇಳು ಎಂದು ಬಣ್ಣದಲ್ಲಿ ಬರೆದೆ. ಆಸ್ಪತ್ರೆಯಿಂದ ಬಂದವಳು ಆ ಹಲಗೆಯ ಮುಂದೆ ಬಹಳ ಹೊತ್ತು ನಿಂತು, “ಗಾಳಿ ಚೆನ್ನಾಗಿ ಆಡುತ್ತೆ ಕಣೋ” ಎಂದಳು. ಆಮೇಲೆ ಬಿತ್ತನೆಯವರೆಗೂ ದಿನವೂ ಬಿಸಿಲಲ್ಲಿ ಕೂತು ಒಂದೊಂದೇ ಗಡ್ಡೆಯನ್ನು ತಡವಿ ಬೇರ್ಪಡಿಸಲು ನೋಡಿದಳು. ಹೊತ್ತು ಕಳೆಯುತ್ತಿದ್ದಾಳೆಂದು ನಾನು ತಿಳಿದೆ. ಹಿಮ ಬಿದ್ದ ಮೇಲಷ್ಟೇ ಅರ್ಥವಾಯಿತು. ಅವಳ ತಲೆ ನನ್ನದಕ್ಕಿಂತ ನೆಟ್ಟಗಿದೆ, ಅಕ್ಕ.

ತಪ್ಪನ್ನು ನಿನ್ನ ಮೇಲೇಕೆ ಹಾಕಿಕೊಂಡೆಯೆಂದು ಸಭೆಯ ಹೊರಗೆ ಕೇಳಿದ್ದಕ್ಕೆ, “ಕಾಲುವೆ ಗೆರೆ ಎಲ್ಲಿ ಎಳೀಬೇಕು ಅಂದ್ರೆ ಅವರು ನಿನ್ನ ಮಾತು ನಂಬಬೇಕು. ನನ್ನ ಮಾತು ನಂಬಿದ್ದು ಸಾಕು” ಎಂದಳು. ಯಾರಿಗೂ ಹೇಳಕೂಡದೆಂದಳು.

ಒಳಗೆ ಅವಳು ಎದ್ದು ನಿಲ್ಲುವ ಮೊದಲು ನಾನು ಏಳಹೊರಟಿದ್ದೆ. ನನ್ನ ತೊಡೆಯ ಮೇಲೆ ಕೈಯೊತ್ತಿ ಕೂರಿಸಿದಳು. ಆ ಕೈಯಲ್ಲಿ ಭಾರವೇ ಇರಲಿಲ್ಲ. ಏಳಬಹುದಾಗಿತ್ತು.