ಶರಣವ್ವ ಬೇಡಿದ ಶಿಕ್ಷೆ

ಜುಲೈ ೧೪, ಸೋಮವಾರ

ಚೇತನನಿಗೆ ಎಷ್ಟು ಶಿಕ್ಷೆ ಎಂದು ನಾಳೆ ಕೋರ್ಟಿನಲ್ಲಿ ಹೇಳುತ್ತಾರೆ. ಬಂದ್ ದಿನ ಅವನು ಬಸ್ಸಿಗೆ ಎಸೆದ ಕಲ್ಲಿನಿಂದ ನಮ್ಮ ಯಜಮಾನರ ಬಲಗಣ್ಣು ಹೋಯಿತು, ಡ್ರೈವರ್ ಕೆಲಸವೂ ಹೋಯಿತು. ಆದರೂ ಕ್ಷಮಿಸಿದ್ದೇನೆಂದು ಜಡ್ಜ್ ಮುಂದೆ ಹೇಳಲು ಇವರು ಹೊರಟಿದ್ದಾರೆ. ಅದಕ್ಕೇ ನಮ್ಮಿಬ್ಬರಿಗೂ ಜಗಳ.

ಸಂಜೆ ಅವನ ತಾಯಿ ಶರಣವ್ವ ವಡಾಲದಿಂದ ನಮ್ಮ ಆಂಟಾಪ್ ಹಿಲ್ ಮನೆಗೆ ಬಂದಳು. ಕಾಲಿಗೆ ಬೀಳಲು ಬಂದಿರಬೇಕೆಂದು ನಾನು ಬಾಗಿಲಲ್ಲೇ ಅಡ್ಡ ನಿಂತೆ.

"ಚಿಂತಿ ಮಾಡಬ್ಯಾಡ್ರಿ ಯವ್ವಾ, ಅವನ್ನ ಬಿಟ್ಟುಬಿಡ್ರಿ ಅಂತನ ಹೇಳ್ತೀನಿ," ಎಂದರು ಇವರು ಒಳಗಿನಿಂದ.

"ಹಂಗ ಹೇಳಬ್ಯಾಡ್ರಿ ಅಣ್ಣಾರ," ಎಂದಳು ಶರಣವ್ವ. "ಹೊರಗ ಬಂದ್ರ ಪಾರ್ಟಿಯವರು ಹಾರ ಹಾಕಿ ಕರ್ಕೊಂಡು ಹೋಗ್ತಾರ. ಮುಂದಿನ ಸಲ ಕಲ್ಲಲ್ಲ, ತಲವಾರ ಕೊಡ್ತಾರ. ಒಳಗಿದ್ರ ಜೀವಂತರೆ ಇರ್ತಾನ."

ಒಳಗೆ ಕರೆದು ಚಹಾ ಕೊಟ್ಟೆ.

ಅವಳು ಹೋದ ಮೇಲೆ ಇವರು, "ಈಗರೆ ಸಮಾಧಾನ ಆತಿಲ್ಲೋ ನಿನಗ?" ಎಂದರು.

ಆಗಲಿಲ್ಲ. ನಾನು ಕೇಳುತ್ತಿದ್ದ ಶಿಕ್ಷೆಯನ್ನೇ ಅವಳೂ ಕೇಳಿದಳು. ಅವಳಿಗೆ ಮಗ ಉಳಿಯಬೇಕು, ನನಗೆ ಅವನು ನರಳಬೇಕು. ಜೈಲು ಅವನನ್ನು ಕಾಪಾಡುವುದಾದರೆ ಅದು ಶಿಕ್ಷೆ ಹೇಗಾಗುತ್ತದೆ? ಅವನು ನರಳಿದರೆ ಆ ಮುದುಕಿಯೂ ನರಳುತ್ತಾಳಲ್ಲ? ಬಂದ್‌ಗೆ ಕರೆ ಕೊಟ್ಟವರಂತೂ ರಸ್ತೆ ಕೂಡುವ ನಾಕಾದ ಬ್ಯಾನರಿನಲ್ಲಿ ಕೈಮುಗಿದು ನಗುತ್ತಿದ್ದಾರೆ.

"ನಾಳೆ ಏನ್ ಹೇಳ್ಲಿ, ನೀನ ಹೇಳು," ಎಂದು ಇವರು ಮಲಗುವ ಮುಂಚೆ ಕೇಳಿದರು. ಇಷ್ಟು ದಿನ ನನ್ನಲ್ಲಿ ಉತ್ತರವಿತ್ತು, ಇವರು ಕೇಳಿರಲಿಲ್ಲ. ಬೆಳಿಗ್ಗೆ ಹೇಳುತ್ತೇನೆ ಎಂದುಬಿಟ್ಟೆ. ಬೆಳಗಾಗುವಷ್ಟರಲ್ಲಿ ನನಗಾದರೂ ಏನು ಹೊಳೆದೀತು?